ಎಮಿನ್ ಮಹ್ಮುದೊವ್ ಇಷ್ಟೊಂದು ಕ್ಲಬ್ ಬದಲಿಸಿದ್ದು ಏಕೆ?

ಪ್ರಶ್ನೆ:
2023ರ ನವೆಂಬರ್‌ನಲ್ಲಿ ಬಾಕುವಿನಲ್ಲಿ ಅಜರ್‌ಬೈಜಾನ್ ಸ್ವೀಡನ್ನನ್ನು 3–0ರಿಂದ ಮಣಿಸಿದ ಫುಟ್‌ಬಾಲ್ ಪಂದ್ಯವನ್ನು ಈಗಷ್ಟೇ ನೋಡಿದೆ. ಮೂರನೇ ನಿಮಿಷದಲ್ಲೇ ಮೊದಲ ಗೋಲು ಹೊಡೆದ ಮಿಡ್‌ಫೀಲ್ಡರ್ ಎಮಿನ್ ಮಹ್ಮುದೊವ್ ಅವರ ಹಿನ್ನೆಲೆ ಹುಡುಕಿದರೆ ಸ್ಪಾರ್ಟಕ್ ಮಾಸ್ಕೋ, ತೋಮ್, ಕ್ರಿಲಿಯಾ ಸೊವೆಟೊವ್, ಮೊರ್ಡೊವಿಯಾ, ಬೊವಾವಿಸ್ಟಾ, ನೆಫ್ಟ್ಚಿ ಎಂದು ಸಾಲು ಬೆಳೆಯುತ್ತಲೇ ಹೋಗುತ್ತದೆ. ಇಂಥ ಆಟಗಾರ ನೆಲೆ ಕಾಣಲು ಇಷ್ಟು ತಡವಾದದ್ದು ಏಕೆ? ರಷ್ಯಾದ ಕಿರಿಯರ ತಂಡಗಳಲ್ಲಿ ಆಡಿದವರಿಗೆ ಅಜರ್‌ಬೈಜಾನ್ ಪರ ಆಡಲು ಅವಕಾಶ ಸಿಕ್ಕಿದ್ದು ಹೇಗೆ?

ಉತ್ತರ 1:
ಎರಡನೆಯದಕ್ಕೆ ಉತ್ತರ ಸುಲಭ. ಹಿರಿಯರ ತಂಡದ ಅಧಿಕೃತ ಸ್ಪರ್ಧೆಯಲ್ಲಿ ಆಡದ ಹೊರತು ಕಿರಿಯರ ಪಂದ್ಯಗಳು ಆಟಗಾರನನ್ನು ಒಂದು ದೇಶಕ್ಕೆ ಕಟ್ಟಿಹಾಕುವುದಿಲ್ಲ. ದೇಶ ಬದಲಿಸಲು ಇದ್ದ 21 ವರ್ಷದ ಮಿತಿಯನ್ನು ಫಿಫಾ 2009ರಲ್ಲಿ ತೆಗೆದುಹಾಕಿತು. ಮಹ್ಮುದೊವ್ ಹುಟ್ಟಿದ್ದು ಅಜರ್‌ಬೈಜಾನಿನ ಸಾಅತ್ಲಿಯಲ್ಲಿ, ಬೆಳೆದದ್ದು ರಷ್ಯಾದಲ್ಲಿ.

ಉತ್ತರ 2:
ನಾನು ಅವರನ್ನು ಸ್ಪಾರ್ಟಕ್ ದಿನಗಳಿಂದ ಗಮನಿಸುತ್ತಿದ್ದೇನೆ. 1992ರಲ್ಲಿ ಹುಟ್ಟಿದ ಹುಡುಗ ಅಲ್ಲಿಗೆ ಬಂದಾಗ ಮಧ್ಯಮ ಸಾಲಿನಲ್ಲಿ ಬ್ರೆಜಿಲ್‌ನ ಅಲೆಕ್ಸ್, ರಫಾಯೆಲ್ ಕರಿಯೋಕಾ, ಪಕ್ಕದಲ್ಲಿ ಐರ್ಲೆಂಡ್‌ನ ಮೆಕ್‌ಗೀಡಿ ಇದ್ದರು. ಅವರ ನಡುವೆ ಜಾಗ ಎಲ್ಲಿತ್ತು? ಆಮೇಲೆ ಸೈಬೀರಿಯಾದ ತೋಮ್ಸ್ಕ್‌ನ ತೋಮ್‌ಗೆ ಎರವಲು, ವೋಲ್ಗಾ ದಡದ ಸಮಾರಾದ ಕ್ರಿಲಿಯಾ ಸೊವೆಟೊವ್, ಬಳಿಕ ಸರಾನ್ಸ್ಕ್‌ನ ಮೊರ್ಡೊವಿಯಾ. ಕೆಳಗಿನ ಲೀಗ್‌ಗೆ ಇಳಿಯುವುದರಿಂದ ಪಾರಾಗಲು ಹೆಣಗುವ ತಂಡಗಳಿಗೆ ಚೆಂಡು ಕಸಿಯುವವರು ಬೇಕು, ತಲೆಯೆತ್ತಿ ನಿಧಾನವಾಗಿ ಆಟ ಕಟ್ಟುವವರಲ್ಲ. ಇವರದು ಎರಡನೆಯ ಜಾತಿ. ಪೋರ್ಚುಗಲ್‌ನ ಬೊವಾವಿಸ್ಟಾದಲ್ಲಿಯೂ ಬೇರು ಬಿಡಲಿಲ್ಲ.

2017ರಲ್ಲಿ ಬಾಕುವಿಗೆ ಬಂದ ಮೇಲೆ ಎಲ್ಲವೂ ಬದಲಾಯಿತು. ನೆಫ್ಟ್ಚಿಯಲ್ಲಿ ಆಟ ಇವರ ಕಾಲಿನಿಂದಲೇ ಹೊರಡತೊಡಗಿತು. ಸತತ ಏಳು ಬಾರಿ ಅಜರ್‌ಬೈಜಾನ್ ಲೀಗ್ ಪ್ರಶಸ್ತಿ ಗೆದ್ದಿದ್ದ ಕರಾಬಾಗ್ ಕ್ಲಬ್‌ನ ಓಟವನ್ನು 2020–21ರಲ್ಲಿ ಮುರಿದದ್ದು ಇದೇ ತಂಡ. ಅದಕ್ಕೇ ಹೇಳುತ್ತೇನೆ, ಕೊರತೆ ಆಟಗಾರನಲ್ಲಿರಲಿಲ್ಲ. ಅವರನ್ನು ನಂಬಿ ಚೆಂಡು ಕೊಡುವ ತಂಡ ಅಲ್ಲಿಯವರೆಗೆ ಸಿಕ್ಕಿರಲಿಲ್ಲ.

ಉತ್ತರ 3:
ಒಪ್ಪಲು ಕಷ್ಟ. ಅಜರ್‌ಬೈಜಾನ್ ಲೀಗ್‌ನ ಮಟ್ಟ ರಷ್ಯಾಕ್ಕಿಂತ ಕೆಳಗೆ. ಅಲ್ಲಿ ಮಿಂಚಿದರೆ ಹಿಂದಿನ ತಂಡಗಳ ತೀರ್ಮಾನ ತಪ್ಪು ಎನ್ನಲಾಗದು.

ಉತ್ತರ 2 ಬರೆದವರು:
ಲೀಗ್ ಬಗ್ಗೆ ನಿಮ್ಮ ಮಾತು ಸರಿ. ಆದರೆ 2021ರ ಸೆಪ್ಟೆಂಬರ್ 4ರಂದು ಡಬ್ಲಿನ್‌ನಲ್ಲಿ ನಡೆದ ವಿಶ್ವಕಪ್ ಅರ್ಹತಾ ಪಂದ್ಯವನ್ನು ನೋಡಿ. ಐರ್ಲೆಂಡ್‌ನ ಗೋಲ್‌ಕೀಪರ್ ಗ್ಯಾವಿನ್ ಬಜೂನು ಮೂರು ದಿನಗಳ ಹಿಂದಷ್ಟೇ ರೊನಾಲ್ಡೊ ಪೆನಾಲ್ಟಿಯನ್ನು ತಡೆದಿದ್ದರು. ವಿರಾಮಕ್ಕೆ ಕ್ಷಣಗಳಿರುವಾಗ ಬಾಕ್ಸ್ ಹೊರಗೆ ಮಹ್ಮುದೊವ್‌ಗೆ ಚೆಂಡು ಸಿಕ್ಕಿತು. ಇನ್ನೊಬ್ಬರಾಗಿದ್ದರೆ ಪಕ್ಕಕ್ಕೆ ತಳ್ಳಿ ಸುಮ್ಮನಾಗುತ್ತಿದ್ದರು. ಇವರು ನೇರವಾಗಿ ಮೂಲೆಗೆ ಬಾರಿಸಿದರು, ಬಜೂನು ಚಾಚಿದರೂ ಎಟುಕಲಿಲ್ಲ. 87ನೇ ನಿಮಿಷದಲ್ಲಿ ಶೇನ್ ಡಫಿ ತಲೆಯಿಂದ ಹೊಡೆದು ಸಮ ಮಾಡುವವರೆಗೂ ಅಜರ್‌ಬೈಜಾನ್ ಮುಂದಿತ್ತು. ಪೋರ್ಚುಗಲ್, ಸರ್ಬಿಯಾ ಇದ್ದ ಆ ಗುಂಪಿನಲ್ಲಿ ಅಜರ್‌ಬೈಜಾನ್ ಗಳಿಸಿದ ಏಕೈಕ ಅಂಕ ಅದು. ಅದೇ ಸ್ವೀಡನ್‌ಗೆ 2023ರ ಮಾರ್ಚ್‌ನಲ್ಲಿ 5–0ರಿಂದ ಸೋತಿದ್ದ ತಂಡ ನವೆಂಬರ್‌ನಲ್ಲಿ ಲೆಕ್ಕ ತೀರಿಸಿದಾಗಲೂ ಬಾಗಿಲು ತೆರೆದವರು ಇವರೇ. ಇವೆರಡೂ ಅಜರ್‌ಬೈಜಾನ್ ಲೀಗ್‌ನ ಪಂದ್ಯಗಳಲ್ಲ.

ಪ್ರಶ್ನೆ ಕೇಳಿದವರು:
ಡಬ್ಲಿನ್ ಪಂದ್ಯ ನನಗೆ ತಪ್ಪಿಹೋಗಿತ್ತು. ಇಂದು ರಾತ್ರಿ ಪೂರ್ತಿ ನೋಡುತ್ತೇನೆ.