ಅಪ್‌ಡೇಟ್: ಅಕ್ಷರ ನುಂಗುತ್ತಿದ್ದ ವೈರ್‌ಲೆಸ್ ಕೀಬೋರ್ಡ್ ಸರಿಯಾಯಿತು

ಮಡಿಕೇರಿಯ ಮನೆಯಲ್ಲಿ ಪರೀಕ್ಷಿಸುತ್ತಿರುವ 68 ಕೀಲಿಗಳ ಮೆಕ್ಯಾನಿಕಲ್ ಕೀಬೋರ್ಡ್ ‘ಲೆಕ್ಕ’ವನ್ನು ‘ಲೆಕ’ ಮಾಡುತ್ತಿದೆ ಎಂದು ಕಳೆದ ವಾರ ಕೇಳಿದ್ದೆ. ಮಳೆಗಾಲದ ತೇವ ಕಾರಣವಿರಬಹುದೆಂಬ ಸಲಹೆಯಂತೆ ಸ್ವಿಚ್‌ಗಳನ್ನು ಕಳಚಿ ಒಣಗಿಸಿದೆ, ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿದೆ, ಎರಡೂ ಫಲಿಸಲಿಲ್ಲ. ಫಲಿಸಿದ್ದು, ರಿಸೀವರನ್ನು (ಕೀಬೋರ್ಡಿನ ಸಂಕೇತ ಹಿಡಿಯಲು ಕಂಪ್ಯೂಟರಿಗೆ ಸಿಕ್ಕಿಸುವ ಪುಟ್ಟ ತುಣುಕು) ಯುಎಸ್‌ಬಿ 3.0 ಪೋರ್ಟಿನಿಂದ ದೂರವಿಡಿ ಎಂದವರ ಮಾತು. ಅವರಿಗೆ ಮನಃಪೂರ್ವಕ ಕೃತಜ್ಞತೆಗಳು. ಪಕ್ಕದ ಪೋರ್ಟಿನಲ್ಲಿ ಹಾರ್ಡ್ ಡಿಸ್ಕ್ ಕೆಲಸ ಮಾಡುವಾಗ ಹೊಮ್ಮುವ ರೇಡಿಯೋ ಗದ್ದಲವು ಕೀಬೋರ್ಡ್ ಕಳಿಸುವ 2.4 ಗಿಗಾಹರ್ಟ್ಸ್ ಸಂಕೇತಕ್ಕೆ ಅಡ್ಡಿಯಾಗುತ್ತದೆ ಎಂಬುದು ನನಗೆ ಹೊಸ ವಿಷಯ. ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ರಿಸೀವರನ್ನು ಕೀಬೋರ್ಡಿನ ಎದುರಿಗೇ ಇಟ್ಟ ಮೇಲೆ, ಹಾರ್ಡ್ ಡಿಸ್ಕಿಗೆ ಬ್ಯಾಕಪ್ ನಡೆಯುತ್ತಿರುವಾಗಲೇ ಕಾಫಿ ತೋಟದ ಲೆಕ್ಕವನ್ನು ಎರಡು ಗಂಟೆ ಬರೆದರೂ ಒಂದು ಒತ್ತಕ್ಷರವೂ ಬಿಟ್ಟುಹೋಗಲಿಲ್ಲ. ಎಫ್2ಗೆ ಪ್ರತ್ಯೇಕ ಕೀಲಿ ಇಲ್ಲದ ಕಾರಣ, ಅದನ್ನು ಒತ್ತಲು ಎಫ್‌ಎನ್ ಕೀಲಿಯನ್ನೂ ಹಿಡಿಯಬೇಕಾದ ತೊಡಕೊಂದು ಉಳಿದಿದೆ. ಆದರೂ ಕೀಬೋರ್ಡನ್ನು ಹಿಂದಿರುಗಿಸದೆ ಇಟ್ಟುಕೊಂಡಿದ್ದೇನೆ.