ಬಾಡಿಗಿ ಮನ್ಯಾಗ ಫಿಶ್ ಟ್ಯಾಂಕ್, ನೀರಾಗ ಕೈ ಇಟ್ರ ಜುಮ್ ಅಂತದ, ಸ್ಪೈಕ್ ಗಾರ್ಡ್ ಸಾಕಾ?

ರಾಯಚೂರು ಗಪ್ಪಿ:
ನಮಸ್ಕಾರ್ರಿ ಎಲ್ಲಾರಿಗೂ. ರಾಯಚೂರಾಗ ಹಳೇ ಬಾಡಿಗಿ ಮನಿ, ಹಾಲಿನಾಗ ಎರಡು ಫೂಟಿನ ಟ್ಯಾಂಕ್ ಇಟ್ಟೀನಿ. ಫಿಲ್ಟರ್, ಏರ್ ಪಂಪ್, ಎಲ್‌ಇಡಿ ಲೈಟ್, ಚಳಿಗಾಲಕ್ಕ ಹೀಟರ್, ಎಲ್ಲಾ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ. ಬರಿಗಾಲಾಗ ನಿಂತು ನೀರಾಗ ಕೈ ಇಟ್ರ ಬೆರಳಿಗೆ ಜುಮ್ ಅಂತದ, ಚಪ್ಲಿ ಹಾಕ್ಕೊಂಡ್ರ ಏನೂ ಇಲ್ಲ, ಮೀನೂ ಆರಾಮ ಅದಾವ. ಹೋದ ಮಳಿಗಾಲದಾಗ ಸಿಡ್ಲು ಹೊಡದು ಲೈಟಿನ ಅಡಾಪ್ಟರ್ ಬ್ಯಾರೆ ಸುಟ್ಟಿತ್ತು. ಅಂಗಡ್ಯಾಗ ಕೇಳಿದ್ರ ಸ್ಪೈಕ್ ಗಾರ್ಡ್ ಹಾಕ್ರಿ ಎರಡಕ್ಕೂ ಆಗ್ತದ ಅಂತಾರ. ಮಾಲಕ್ರು ಗ್ವಾಡಿ ಕೊರಿಬ್ಯಾಡ್ರಿ, ಮೇನ್ ಬೋರ್ಡ್ ಮುಟ್ಟಬ್ಯಾಡ್ರಿ ಅಂದಾರ. ಮನ್ಯಾಗ ಸಣ್ಣ ಹುಡುಗ್ರು ಅದಾರ, ಏನ್ ಮಾಡ್ಲಿ?

ಬಳ್ಳಾರಿ ವೈರ್‌ಮನ್:
ಮೊದ್ಲು ಆ ಬೋರ್ಡಿನ ಪ್ಲಗ್ ಕೀಳ್ರಿ, ಆಮೇಲೆ ಮುಂದಿಂದು ಓದ್ರಿ. ಸ್ವಿಚ್ ಆಫ್ ಮಾಡಿದ್ರೆ ಸಾಲದು, ಹಳೇ ವೈರಿಂಗಲ್ಲಿ ಸ್ವಿಚ್ಚನ್ನ ನ್ಯೂಟ್ರಲ್‌ಗೆ (ಕರೆಂಟ್ ವಾಪಸ್ ಹೋಗೋ ವೈರ್) ಹಾಕಿರ್ತಾರೆ, ಆಫ್ ಇದ್ರೂ ಫೇಸ್ (ಕರೆಂಟ್ ಇರೋ ವೈರ್) ಬಂದೇ ಬರ್ತೈತೆ.

ಮೀನು ಆರಾಮ ಅದಾವ ಅನ್ನೋದು ಲೆಕ್ಕಕ್ಕೆ ಬರಲ್ಲ ಸರ್, ಅವು ನೆಲ ಮುಟ್ಟಲ್ಲ. ಕರೆಂಟಿಗೆ ನೆಲಕ್ಕೆ ಹೋಗಾಕ ದಾರಿ ಬೇಕು, ಕೈ ಇಟ್ಟಾಗ ಆ ದಾರಿ ನೀವೇ.

ಸ್ಪೈಕ್ ಗಾರ್ಡ್ ಕೆಲ್ಸನೇ ಬೇರೆ. ಅದರೊಳಗೆ ಎಂಒವಿ ಅಂತ ಒಂದು ಬಿಲ್ಲೆ ಇರ್ತೈತೆ, ವೋಲ್ಟೇಜ್ ಒಮ್ಮೆಗೇ ಜಿಗಿದ್ರೆ ಅದು ತಡ್ಕಂತೈತೆ, ಅಷ್ಟೇ. ನಿಮ್ಮ ಮೈಯಾಗೆ ಕರೆಂಟ್ ಹರೀತಿರೋದು ಅದಕ್ಕೆ ಗೊತ್ತಾಗಲ್ಲ. ಎಂಸಿಬಿಗೂ (ಲೋಡ್ ಜಾಸ್ತಿಯಾದ್ರೆ ತಾನೇ ಬಿದ್ದು ಕರೆಂಟ್ ಕಟ್ ಮಾಡೋ ಸ್ವಿಚ್) ಗೊತ್ತಾಗಲ್ಲ, 6 ಆಂಪ್ ಎಂಸಿಬಿ ಬೀಳಾಕ 6 ಆಂಪ್ ದಾಟಬೇಕು, ಮನುಷ್ಯನ ಜೀವ ಹೋಗಾಕ ಅದರ ನೂರರಲ್ಲಿ ಒಂದು ಪಾಲು ಸಾಕು.

ನಿಮಗೆ ಬೇಕಾಗಿರೋದು 30 ಮಿಲಿಆಂಪ್ ಆರ್‌ಸಿಸಿಬಿ, ಅಂದ್ರೆ ಕರೆಂಟ್ ಸೋರಿದ್ರೆ ಬೀಳೋ ಸ್ವಿಚ್. ಫೇಸಲ್ಲಿ ಹೋಗಿದ್ದು ನ್ಯೂಟ್ರಲ್ಲಲ್ಲಿ ವಾಪಸ್ ಬಂತಾ ಇಲ್ವಾ ಅಂತ ನೋಡ್ತಿರ್ತೈತೆ, ವ್ಯತ್ಯಾಸ ಬಂದ್ರೆ ಕಣ್ಣು ಮಿಟುಕಿಸೋದ್ರಾಗೆ ಕಟ್. ಅಂಗಡಿಯಲ್ಲಿ 100, 300 ಮಿಲಿಆಂಪಿಂದೂ ಇರ್ತವೆ, ಅವು ಮನುಷ್ಯರಿಗಲ್ಲ, ಕೊಟ್ರೂ ತಗೋಬ್ಯಾಡ್ರಿ. ಗೋಡೆ ಕೊರೆಯೋದೇ ಬೇಡ: ಪ್ಲಾಸ್ಟಿಕ್ ಬಾಕ್ಸಲ್ಲಿ ಈ ಆರ್‌ಸಿಸಿಬಿ, ಜೊತೆಗೆ ಒಂದು 6 ಆಂಪ್ ಎಂಸಿಬಿ, ಎರಡು ಮೂರು ಸಾಕೆಟ್ ಕೂಡ್ಸಿ ಮೂರು ಪಿನ್ನಿನ ವೈರ್ ಎಳಸ್ರಿ, ಯಾವ ಎಲೆಕ್ಟ್ರಿಷಿಯನ್ನಾದ್ರೂ ಮಾಡಿಕೊಡ್ತಾನೆ. ಮನೆ ಖಾಲಿ ಮಾಡೋವಾಗ ಬಗಲಲ್ಲಿ ಇಟ್ಕಂಡು ಹೋಗಬೌದು. ಆರ್‌ಸಿಸಿಬಿ ಮೇಲಿನ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿ ನೋಡ್ರಿ, ಬೀಳಲಿಲ್ಲ ಅಂದ್ರೆ ಬದಲಾಯಿಸ್ರಿ.

ರಾಯಚೂರು ಗಪ್ಪಿ:
ಪ್ಲಗ್ ಕಿತ್ತೀನ್ರಿ. ನಮ್ಮ ಸಾಕೆಟ್ಟಿಗೆ ಮೂರು ತೂತು ಅದಾವ, ಅಂದ್ರ ಅರ್ಥಿಂಗ್ ಅದ ಅಂತಲೇನು? ಶಕ್ತಿನಗರದಾಗ ಕರೆಂಟ್ ತಯಾರಾಗ್ತದ, ನಮ್ಮನಿ ವೈರಿಂಗ್ ಮಾತ್ರ ಹಿಂಗ.

ಬಳ್ಳಾರಿ ವೈರ್‌ಮನ್:
ತೂತಿದ್ರೆ ವೈರ್ ಇರ್ತೈತೆ ಅಂತೇನಿಲ್ಲ. ಎಲೆಕ್ಟ್ರಿಷಿಯನ್ ಕಡೆಯಿಂದ ಮಲ್ಟಿಮೀಟರ್ ಇಡ್ಸಿ ನೋಡ್ರಿ. ಫೇಸ್ ಅರ್ಥ್ ನಡುವೆ 230ರ ಹತ್ರ, ನ್ಯೂಟ್ರಲ್ ಅರ್ಥ್ ನಡುವೆ ಒಂದೆರಡು ವೋಲ್ಟ್ ಬಂದ್ರೆ ಸುಮಾರಾಗಿ ಸರಿ. ಅಲ್ಲಿ ಬರೋಬ್ಬರಿ ಸೊನ್ನೆ ತೋರಿಸಿದ್ರೆ ಅನುಮಾನ ಪಡ್ರಿ, ಸಾಕೆಟ್ ಬಿಚ್ಚಿಸ್ರಿ. ಕೆಲವ್ರು ಒಳಗೇ ನ್ಯೂಟ್ರಲ್ಲಿಂದ ಅರ್ಥ್ ಪಿನ್ನಿಗೆ ಗೇಣುದ್ದ ವೈರ್ ಜಂಪರ್ ಹಾಕಿ ಅರ್ಥಿಂಗ್ ಆಯ್ತು ಅಂತಾರೆ. ನ್ಯೂಟ್ರಲ್ ಎಲ್ಲಾದ್ರೂ ಕಿತ್ತೋದ ದಿನ ಫ್ರಿಜ್ಜು, ವಾಷಿಂಗ್ ಮಷೀನು ಎಲ್ಲದರ ಮೈಮೇಲೂ ಫೇಸ್ ಬರ್ತೈತೆ. ಅಂಥದ್ದಕ್ಕಿಂತ ಅರ್ಥ್ ಇಲ್ದಿದ್ರೇ ವಾಸಿ. ಆರ್‌ಸಿಸಿಬಿ ಅರ್ಥ್ ಇಲ್ದಿದ್ರೂ ಬೀಳ್ತೈತೆ, ಆದ್ರೆ ನೀವು ಮುಟ್ಟಿ ಒಂದು ಪೆಟ್ಟು ತಿಂದ ಮೇಲೆ.

ಕೊಪ್ಪಳ ಏಂಜಲ್:
ಅರ್ಥ್ ಇದ್ರೂ ಬ್ಯಾಸಗ್ಯಾಗ ಅರ್ಥಿಂಗ್ ಕುಣಿ ಒಣಗಿರ್ತೈತಿ, ನಮ್ಮ ಕಡೆ ಬಂಡಿ ನೆಲ, ನಾಕು ಕೊಡ ನೀರು ಹಾಕಾಕ ಮಾಲಕರ ಪರ್ಮಿಶನ್ ಬೇಕಾಗಂಗಿಲ್ಲ. ಟ್ಯಾಂಕಿಗೆ ಗ್ರೌಂಡ್ ರಾಡ್ (ಅರ್ಥಿಂಗಿಗೆ ಜೋಡಿಸಿ ನೀರಾಗ ಬಿಡೂ ಸರಳು) ಬಿಡ್ರಿ ಅಂತ ಯಾರರ ಹೇಳ್ತಾರ, ಆರ್‌ಸಿಸಿಬಿ ಇಲ್ಲದ ಅದನ್ನ ಬಿಡಬ್ಯಾಡ್ರಿ.

ನನಗ ಡೌಟ್ ಹೀಟರ್ ಮ್ಯಾಲೆ. ನೀರು ಬದಲಿ ಮಾಡುವಾಗ ಆನ್ ಇದ್ದ ಹೀಟರ್ ನೀರಿಂದ ಹೊರಗ ಬಂದ್ರ ಗಾಜು ಕಾಯ್ತೈತಿ, ತಣ್ಣೀರು ಬಿದ್ದ ಕೂಡ್ಲೆ ಕೂದಲೆಳಿಯಷ್ಟು ಸೀಳು ಬಿಡ್ತೈತಿ, ಕಣ್ಣಿಗೆ ಕಾಣಂಗಿಲ್ಲ. ನಮ್ಮ ಊರಿನ ಬಿಸಿಲಿಗೆ ವರ್ಷದಾಗ ಬಾಳ ದಿನ ಅದು ಬೇಕಾಗಂಗೂ ಇಲ್ಲ, ತಗದು ಒಗೀರಿ. ವೈರ್ ಎಲ್ಲಾ ಸಾಕೆಟ್ಟಿನ ಕೆಳಗ ಜೋತು ಬಿದ್ದು ಮ್ಯಾಲೆ ಹೋಗಂಗ ಬಿಡ್ರಿ, ವೈರ್ ಗುಂಟ ಬಂದ ನೀರು ನೆಲಕ್ಕ ತೊಟ್ಟಿಕ್ತೈತಿ, ಬೋರ್ಡಿನಾಗ ಹೋಗಂಗಿಲ್ಲ. ಏರ್ ಪಂಪ್ ನೀರಿನ ಮಟ್ಟಕ್ಕಿಂತ ಮ್ಯಾಲಿರ್ಲಿ, ಇಲ್ಲಾಂದ್ರ ಕರೆಂಟ್ ಹೋದಾಗ ಪೈಪಿನಾಗ ನೀರು ಹಿಂದಕ್ಕ ಇಳದು ಪಂಪಿನಾಗ ತುಂಬತೈತಿ, ಪೈಪಿಗೆ ಚೆಕ್ ವಾಲ್ವ್ ಹಾಕಿದ್ರಂತೂ ಚಿಂತಿನ ಇಲ್ಲ.

ಆರ್‌ಸಿಸಿಬಿದು ಒಂದು ಕಿರಿಕಿರಿ ಐತಿ, ನೀವು ಊರಿಗೆ ಹೋದಾಗ ಬಿತ್ತಂದ್ರ ಫಿಲ್ಟರ್ ಬಂದ್, ಮೀನಿಗೆ ಗಾಳಿ ಇಲ್ಲ. ಬ್ಯಾಟರಿ ಏರ್ ಪಂಪ್ ಒಂದು ಇಡ್ರಿ, ಕರೆಂಟ್ ಹೋದ ಕೂಡ್ಲೆ ತಾನ ಚಾಲೂ ಆಗೂದು ಸಿಗ್ತಾವ.

ರಾಯಚೂರು ಗಪ್ಪಿ:
ಹೀಟರ್ ತಗದೀನಿ ಅಣ್ಣಾರ, ಬಾಕ್ಸಿಗೂ ಹೇಳೀನಿ. ಸಿಡ್ಲಿಗೆ ಮತ್ತ?

ಬಳ್ಳಾರಿ ವೈರ್‌ಮನ್:
ಬಾಕ್ಸ್ ಆದಮೇಲೆ ಸ್ಪೈಕ್ ಗಾರ್ಡ್ ಹಾಕ್ರಿ, ಬೇಡ ಅನ್ನಲ್ಲ, ಸಣ್ಣಪುಟ್ಟ ಜಿಗಿತಕ್ಕೆ ಆಗ್ತೈತೆ. ಹತ್ತಿರಕ್ಕೆ ಸಿಡ್ಲು ಬಡಿದ್ರೆ ಅದೂ ನಿಲ್ಲಲ್ಲ, ಕಂಬದಲ್ಲಿ ನ್ಯೂಟ್ರಲ್ ಕಟ್ಟಾಗಿ ಮನೆಗೆ 350, 400 ವೋಲ್ಟ್ ಬಂದ್ರೂ ನಿಲ್ಲಲ್ಲ, ಆ ಬಿಲ್ಲೆ ಸುಟ್ಟೋಗ್ತೈತೆ. ಗುಡುಗು ಶುರುವಾದ್ರೆ ಲೈಟಿನ ಅಡಾಪ್ಟರ್ ಕಿತ್ತಿಡ್ರಿ, ಒಂದು ಸಂಜೆ ಲೈಟ್ ಇಲ್ದಿದ್ರೆ ಮೀನಿಗೇನಾಗಲ್ಲ.