ಪದಚರ್ಚೆ: ಗಾಜಿನ ಎಳೆಯನ್ನು 'ಕೆಚ್ಚಬಹುದೇ'?

ಗೆಳೆಯರೇ,

ಆಪ್ಟಿಕಲ್ ಫೈಬರ್, ಅಂದರೆ ಬೆಳಕಿನಲ್ಲಿ ಮಾಹಿತಿ ಸಾಗಿಸುವ ಗಾಜಿನ ಎಳೆ. ಅದರ ಕೆಲಸದಲ್ಲಿ ದಿನಕ್ಕೆ ಹತ್ತು ಸಲ ಬಾಯಿಗೆ ಬರುವ ಮಾತು 'ಸ್ಪ್ಲೈಸ್', ಎರಡು ಎಳೆಗಳ ತುದಿ ಕೂಡಿಸುವುದು. ಇದಕ್ಕೆ ಕನ್ನಡದಲ್ಲಿ 'ಕೆಚ್ಚು' ಅನ್ನಬಹುದೇ?

ನಾನು ಬನಹಟ್ಟಿಯವನು. 1999ರಲ್ಲಿ ಬೆಂಗಳೂರಿಗೆ ಹೋಗಿ ನೆಟ್‌ವರ್ಕ್ ಕೆಲಸಕ್ಕೆ ಸೇರಿದೆ. ಸೆಕೆಂಡಿಗೆ ಒಂದು ಗಿಗಾಬಿಟ್ ಮಾಹಿತಿ ಸಾಗಿಸುವ ಗಿಗಾಬಿಟ್ ಈಥರ್ನೆಟ್‌ನ ಮಾನದಂಡ ಬಂದು ಆಗಿನ್ನೂ ಒಂದು ವರ್ಷ. 2002ಕ್ಕೆ 10 ಗಿಗಾಬಿಟ್ ಬಂತು, 2010ಕ್ಕೆ 100, 2017ಕ್ಕೆ 400. ಪ್ರತಿ ಸಲವೂ ಪೆಟ್ಟಿಗೆ ಬದಲಾಯಿತು, ನಾನು ಕಲಿತದ್ದು ಹಳತಾಯಿತು. ಎಳೆಗೆ ಎಳೆ ಕೂಡಿಸುವ ಕೆಲಸ ಮಾತ್ರ ಹಾಗೇ ಉಳಿಯಿತು. ಈಗ ಊರಿಗೆ ಮರಳಿದ್ದೇನೆ. ಬಾಗಲಕೋಟೆಯ ಡಿಪ್ಲೊಮಾ ಹುಡುಗರಿಗಾಗಿ ಒಂದು ಕೈಪಿಡಿ ಬರೆಯುತ್ತಿದ್ದೇನೆ.

ಫೈಬರ್‌ಗೆ 'ಎಳೆ' ಅಂತ ಇಟ್ಟುಕೊಂಡೆ. 'ದ್ಯುತಿತಂತು' ಪರೀಕ್ಷೆ ಮುಗಿದ ದಿನವೇ ಮರೆತುಹೋಗುವ ಪದ. ತೊಡಕು ಬಂದದ್ದು ಸ್ಪ್ಲೈಸ್ ಹತ್ತಿರ. 'ಜೋಡಣೆ' ತುಂಬಾ ಸಡಿಲ, ಪ್ಲಗ್ ಚುಚ್ಚುವುದೂ ಜೋಡಣೆಯೇ. 'ಕೊಂಡಿ' ಆಗಲೇ ಲಿಂಕ್‌ನ ಪಾಲಾಗಿದೆ. 'ಬೆಸುಗೆ' ಹತ್ತಿರದ್ದು. ಎರಡು ಎಳೆಗಳ ಹೊದಿಕೆ ಸುಲಿದು, ತುದಿ ನೇರ ಕತ್ತರಿಸಿ, ಎದುರುಬದುರು ಇಟ್ಟು ವಿದ್ಯುತ್ ಕಿಡಿಯಲ್ಲಿ ಕರಗಿಸಿ ಒಂದು ಮಾಡುತ್ತಾರೆ. ಆದರೆ ಬೆಸುಗೆ ಅಂದಕೂಡಲೇ ನನ್ನ ಕಣ್ಣಿಗೆ ಬರುವುದು ಕರಗಿದ ತವರದ ಉಂಡೆ. ಇಲ್ಲಿ ಹೊರಗಿನಿಂದ ಏನನ್ನೂ ಬೆರೆಸುವುದಿಲ್ಲ, ಗಾಜು ಗಾಜಿಗೇ ಕೂಡುತ್ತದೆ.

ಹೋದ ತಿಂಗಳು ಈ ಕೆಲಸದ ವಿಡಿಯೊ ನೋಡುತ್ತ ಕೂತಿದ್ದೆ. ನಲವತ್ತು ವರ್ಷ ಮಗ್ಗ ನಡೆಸಿದ ಸೋದರಮಾವ ಪಕ್ಕದಿಂದ ಇಣುಕಿ, "ಇದರಾಗ ಏನೈತೋ? ನಿಮ್ಮತ್ತಿ ಹಣಗಿ ಕೆಚ್ಚತಿದ್ಲಲ್ಲ, ಹಂಗ ಇದೂ" ಅಂದರು.

ಮಗ್ಗ ನೋಡದವರಿಗಾಗಿ ಹೇಳುತ್ತೇನೆ. ಹಾಸು ಅಂದರೆ ಮಗ್ಗದ ಉದ್ದಕ್ಕೆ ಹಾಯುವ ಎಳೆಗಳು, ಹಣಿಗೆ ಅಂದರೆ ಅವು ತೂರಿ ಬರುವ ಬಾಚಣಿಗೆಯಂಥ ಸಾಧನ. ಒಂದು ಹಾಸು ಮುಗಿಯುತ್ತ ಬಂದಾಗ ಅದನ್ನು ಹಣಿಗೆಯಿಂದ ಪೂರ್ತಿ ಎಳೆದು ತೆಗೆಯುವುದಿಲ್ಲ. ಹಳೆ ಹಾಸಿನ ಒಂದೊಂದು ಎಳೆಯ ತುದಿಗೂ ಹೊಸ ಹಾಸಿನ ಒಂದೊಂದು ಎಳೆ ಸೇರಿಸಿ ಬೆರಳಲ್ಲೇ ಹೊಸೆಯುತ್ತಾರೆ. ಸೀರೆ ಹಾಸಿಗೆ ಇಂಥವು ಸಾವಿರಾರು. ಕೂಡಿಸಿದ ಜಾಗ ದಪ್ಪವಾದರೆ ಹಣಿಗೆಯ ಹಲ್ಲಿಗೆ ಸಿಕ್ಕಿ ಎಳೆ ಕಡಿಯುತ್ತದೆ. ಆ ಜಾಗ ದಾಟಿಹೋದದ್ದು ಹಣಿಗೆಗೆ ಗೊತ್ತೇ ಆಗಬಾರದು. ನಮ್ಮಲ್ಲೂ ಬೆಳಕಿಗೆ ಗೊತ್ತಾಗಬಾರದು. ಚೆನ್ನಾಗಿ ಕೂಡಿಸಿದರೆ ನಷ್ಟ 0.05 ಡೆಸಿಬೆಲ್ ಆಸುಪಾಸು, ಅಂದರೆ ನೂರಕ್ಕೆ ಸುಮಾರು ಒಂದು ಪಾಲು ಬೆಳಕು. ಒಂದೇ ಏಟಿಗೆ 12 ಎಳೆ ಕೂಡಿಸುವ ಯಂತ್ರವೂ ಇದೆ. ಅತ್ತಿ ಇದ್ದಿದ್ದರೆ ಹೊಟ್ಟೆಕಿಚ್ಚು ಪಡುತ್ತಿದ್ದರು.

ಹೀಗೆ ಪದವೇನೋ ಸಿಕ್ಕಿತು. ಆದರೆ ಮರದ ನಡುವಿನ ಗಟ್ಟಿ ಭಾಗಕ್ಕೂ 'ಕೆಚ್ಚು' ಅಂತಲೇ ಹೇಳುತ್ತೇವೆ. ಎಳೆಯ ನಡುವೆ ಬೆಳಕು ಹರಿಯುವ ಭಾಗವಿದೆಯಲ್ಲ, ಕೋರ್, ಬೆಳಕಿಗೆ ಒಂದೇ ದಾರಿ ಇರುವ ಸಿಂಗಲ್ ಮೋಡ್ ಎಳೆಯಲ್ಲಿ ಸುಮಾರು 9 ಮೈಕ್ರಾನ್ ಇರುತ್ತದೆ, ಸುತ್ತಲಿನ ಗಾಜು ಸೇರಿದರೆ 125. ಅದಕ್ಕೆ ನಾನು ಹಿಂದಿನ ಅಧ್ಯಾಯದಲ್ಲಿ ಭಾರಿ ಖುಷಿಯಿಂದ 'ಕೆಚ್ಚು' ಅಂತ ಬರೆದುಬಿಟ್ಟಿದ್ದೇನೆ! ಈಗ ನನ್ನ ವಾಕ್ಯ ಹೀಗಾಗಿದೆ: "ಕೆಚ್ಚಿಗೆ ಕೆಚ್ಚು ನೇರ ಬರುವಂತೆ ಇಟ್ಟು ಕೆಚ್ಚಬೇಕು." ಹುಡುಗರು ಕೈಪಿಡಿಯನ್ನು ಕಿಟಕಿಯಿಂದ ಆಚೆ ಒಗೆಯುತ್ತಾರೆ.

ಕೋರ್‌ಗೆ 'ತಿರುಳು' ಅಂದರೆ ಯಾಕೋ ಮೆತ್ತಗೆ ಅನ್ನಿಸುತ್ತದೆ, ಅಲ್ವಾ? ಆದರೂ ಅಲ್ಲಿ ತಿರುಳನ್ನೇ ಒಪ್ಪಿಕೊಂಡು, ಕೂಡಿಸುವ ಕೆಲಸಕ್ಕೆ ಕೆಚ್ಚನ್ನು ಉಳಿಸಿಕೊಳ್ಳುವುದು ನನ್ನ ಮನಸ್ಸು.

ಇಳಕಲ್, ಗುಳೇದಗುಡ್ಡ, ದೊಡ್ಡಬಳ್ಳಾಪುರ, ಮೊಳಕಾಲ್ಮೂರು ಕಡೆಯ ನೇಕಾರರ ಮನೆಯವರು ಇಲ್ಲಿದ್ದರೆ ತಿಳಿಸಿ. ನಿಮ್ಮಲ್ಲೂ 'ಕೆಚ್ಚುವುದು' ಅಂತಾರಾ, ಬೇರೆ ಮಾತಿದೆಯಾ? ಕೆಚ್ಚಿದ ಜಾಗಕ್ಕೆ ಹೆಸರೇನು? ಮಾವನನ್ನು ಕೇಳಿದೆ. "ಅದಕ್ಕೆಂಥಾ ಹೆಸರೋ, ಅದು ಕಾಣಬಾರದು" ಅಂದುಬಿಟ್ಟರು. ಕೈಪಿಡಿಯ ಚಿತ್ರದಲ್ಲಿ ಬಾಣದ ಗುರುತು ಹಾಕಿ ಏನಾದರೂ ಬರೆಯಲೇಬೇಕಲ್ಲ.